ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಬೀಗ ಏಕೆ?

ಮಾನ್ಯರೇ,

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ನಾನು ಕಂಡ ಹಲವು ಕಾಲೇಜುಗಳಲ್ಲಿ ಆ 30 ಅಂಕಗಳ ಕಲಿಕೆ ಪರೀಕ್ಷೆ ಹತ್ತಿರ ಬಂದಾಗ ಶುರುವಾಗಿ ಪರೀಕ್ಷೆಯೊಂದಿಗೇ ಮುಗಿದುಹೋಗುತ್ತದೆ. ಉಳಿದ ತಿಂಗಳು ಪ್ರಯೋಗಾಲಯಕ್ಕೆ ಬೀಗ. ರೆಕಾರ್ಡ್ ಪುಸ್ತಕ ಮಾತ್ರ ಹಿಂದಿನ ವರ್ಷದವರದ್ದನ್ನು ನೋಡಿ ಅಚ್ಚುಕಟ್ಟಾಗಿ ತುಂಬಿರುತ್ತದೆ. ಈ ವಿಷಯವನ್ನೇ ಕಲಿಸಿ ನಿವೃತ್ತನಾದ ನನಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬೇರು ಒಡೆಯುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿ ಕತ್ತರಿಸಿ, ಆಲ್ಕೊಹಾಲ್ ಮತ್ತು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಟ್ಟು, ಆಮೇಲೆ ಅಸಿಟೊಕಾರ್ಮಿನ್ ಬಣ್ಣ ಹಾಕಿ, ಸ್ಲೈಡಿನ ಮೇಲೆ ಹದವಾಗಿ ಒತ್ತಬೇಕು. ಮೊದಲ ಸ್ಲೈಡಿನಲ್ಲಿ ಬಹುತೇಕ ಮಕ್ಕಳಿಗೆ ಏನೂ ಕಾಣುವುದಿಲ್ಲ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ವರ್ಣತಂತುಗಳು ಕೋಶದ ನಡುವೆ ಸಾಲುಗಟ್ಟಿ ನಿಂತದ್ದು ಕಣ್ಣಿಗೆ ಬೀಳುತ್ತದೆ. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬಿಡುವು ಬೇಕು.

ಆ ಬಿಡುವನ್ನು ನೀಟ್ ತಯಾರಿ ನುಂಗಿದೆ. 720 ಅಂಕಗಳಲ್ಲಿ ಜೀವಶಾಸ್ತ್ರದ 90 ಪ್ರಶ್ನೆಗಳಿಗೇ 360 ಅಂಕ, ಪ್ರಯೋಗಕ್ಕೆ ಒಂದೂ ಇಲ್ಲ. ಪೋಷಕರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ವೈದ್ಯರಾಗಲು ಹೊರಟವರಿಗೆ ಸೂಕ್ಷ್ಮದರ್ಶಕದಲ್ಲಿ ನೋಡಲು ಬರಬೇಡವೇ?

ನಮ್ಮ ಭಾಗದ ಮಕ್ಕಳನ್ನು ನೆನೆದರೆ ಸಂಕಟ ಇನ್ನೂ ಹೆಚ್ಚು. ಇವರಲ್ಲಿ ಎಷ್ಟೋ ಮಂದಿ ರೇಷ್ಮೆ ಸಾಕುವ ಹುಳುಮನೆಯಲ್ಲೇ ಬೆಳೆದವರು. ಹುಳು ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ, ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿಯಲ್ಲಿ ಗೂಡು ಕಟ್ಟುವುದನ್ನು ಬುದ್ಧಿ ತಿಳಿದಾಗಿನಿಂದ ಕಂಡವರು. ಮಿಶ್ರತಳಿ ಗೂಡು ಯಾವುದು, ದ್ವಿತಳಿ ಯಾವುದು ಎಂದು ನೋಡಿದೊಡನೆ ಹೇಳಬಲ್ಲರು. ಪ್ರಥಮ ಪಿಯುಸಿ ಪಠ್ಯದಲ್ಲಿ ಅದೇ ಹುಳು ಉಪಯುಕ್ತ ಕೀಟಗಳ ಸಾಲಿನಲ್ಲಿ 'ಬಾಂಬಿಕ್ಸ್' ಎಂಬ ಒಂದು ಹೆಸರಾಗಿ ಬಂದುಹೋಗುತ್ತದೆ. ಮೆಂಡಲ್‌ನ ಬಟಾಣಿ ಗಿಡಗಳ ಪಾಠ ಮಾಡುವಾಗ, ಆತನ ಅನುವಂಶೀಯತೆಯ ನಿಯಮಗಳು ರೇಷ್ಮೆ ಹುಳುವಿಗೂ ಅನ್ವಯಿಸುತ್ತವೆ ಎಂದು ಜಪಾನಿನ ವಿಜ್ಞಾನಿ ಟೊಯಾಮಾ 1906ರಲ್ಲೇ ತೋರಿಸಿದ್ದನ್ನು ಯಾರಾದರೂ ಹೇಳಿದರೆ, ಕೊನೆಯ ಬೆಂಚಿನ ಹುಡುಗನೂ ತಲೆ ಎತ್ತುತ್ತಾನೆ. ರೇಷ್ಮೆ ಹುಳುವಿಗೆ ತಾಯಿಯಿಂದ ಮೊಟ್ಟೆಯ ಮೂಲಕ ಹರಡುವ ಪೆಬ್ರಿನ್ ರೋಗದ್ದೂ ಇದೇ ಕಥೆ. ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವ ವಿಧಾನವನ್ನು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ರೂಢಿಗೆ ತಂದದ್ದು 1860ರ ದಶಕದಲ್ಲಿ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗೆ ಸೂಕ್ಷ್ಮದರ್ಶಕ ಏಕೆ ಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಮುಂದೆ ರೇಷ್ಮೆ ಕೃಷಿಯನ್ನೇ ಓದುವ ಆಸೆ ಹುಟ್ಟಿದರೆ, ಅದನ್ನು ಕಲಿಸುವ ಕಾಲೇಜು ನಮ್ಮ ಚಿಂತಾಮಣಿಯಲ್ಲೇ ಇದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಶೈಕ್ಷಣಿಕ ವರ್ಷದ ಆರಂಭದಿಂದಲೇ ವೇಳಾಪಟ್ಟಿಯಲ್ಲಿರುವ ಪ್ರಯೋಗದ ಅವಧಿಗಳು ಪ್ರಯೋಗಾಲಯದಲ್ಲೇ ನಡೆಯುವಂತೆ ನೋಡಿಕೊಳ್ಳಬೇಕು. ಕಾಲೇಜಿಗೆ ಭೇಟಿ ಕೊಟ್ಟಾಗ ರೆಕಾರ್ಡ್ ಪುಸ್ತಕಗಳನ್ನು ಬದಿಗಿಟ್ಟು, ಯಾರಾದರೂ ಒಬ್ಬ ವಿದ್ಯಾರ್ಥಿನಿಯಿಂದ ಒಂದು ಸ್ಲೈಡ್ ಮಾಡಿಸಿ ನೋಡಬೇಕು. ರೇಷ್ಮೆ ಇಲಾಖೆಯೊಂದಿಗೆ ಮಾತನಾಡಿ, ಪ್ರತಿ ವರ್ಷದ ತಂಡಕ್ಕೂ ಒಂದು ದಿನ ಬಿತ್ತನೆ ಕೋಠಿಯ ಭೇಟಿ ಏರ್ಪಡಿಸಬೇಕು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಶಿಡ್ಲಘಟ್ಟ