ಬಿಲವೇ ಕಾಣದ ಜಾಫಿಶ್ ಚಿತ್ರ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯೆಲ್ಲೋಹೆಡ್ ಜಾಫಿಶ್ ಚಿತ್ರ ನೋಡಿ ಖುಷಿಯಾಯಿತು. ನಾನಿರುವ ಫ್ಲೋರಿಡಾದ ಕಡಲಲ್ಲಿ ಡೈವಿಂಗ್‌ಗೆ ಇಳಿದಾಗಲೆಲ್ಲ ಕಣ್ಣು ಹುಡುಕುವ ಮೀನು ಅದು. ಆದರೆ ಚಿತ್ರದ ಕೆಳಗೆ ‘ಹವಳದ ಕೊಂಬೆಗಳಲ್ಲಿ ವಾಸ, ತಾಯಿ ಮೀನು ಬಾಯಲ್ಲೇ ಮೊಟ್ಟೆ ಕಾಯುತ್ತದೆ’ ಎಂದು ಹಾಕಿದ್ದೀರಿ. ಎರಡೂ ತಪ್ಪು.

ಫ್ಲೋರಿಡಾ, ಬಹಾಮಾಸ್, ಕೆರಿಬಿಯನ್ ಸಮುದ್ರದ ಈ ಮೀನು ಇರುವುದು ಹವಳದ ದಿಬ್ಬದ ಪಕ್ಕದ ನೆಲದಲ್ಲಿ, ಬಿಲ ತೋಡಿಕೊಂಡು. ಆಳ ಸುಮಾರು 3ರಿಂದ 40 ಮೀಟರ್. ಅಲ್ಲಿ ಮರಳಿನ ಜೊತೆ ಹವಳದ ಚೂರೂ ಇರಬೇಕು. ಬರೀ ನುಣ್ಣನೆ ಮರಳಾದರೆ ಬಿಲ ಕುಸಿದುಬಿಡುತ್ತದಲ್ವಾ? ಬಾಯಿ ತುಂಬ ಮರಳು ತುಂಬಿಕೊಂಡು ಬಂದು ಹೊರಗೆ ಉಗುಳುತ್ತದೆ. ಚೂರುಗಲ್ಲು ಕಚ್ಚಿ ತಂದು ಗೋಡೆಗೆ ಕೂರಿಸುತ್ತದೆ. ಸರಿ ಕೂರದಿದ್ದರೆ ಕಿತ್ತು ಇನ್ನೊಂದು ಕಡೆ ಇಡುತ್ತದೆ. ಕತ್ತಲಾದರೆ ಒಂದು ಕಲ್ಲು ಎಳೆದು ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಮೀನಿನ ಉದ್ದ ಹೆಚ್ಚೆಂದರೆ 10 ಸೆಂ.ಮೀ.!

ತಲೆ ಹಳದಿ, ಕಣ್ಣು ದೊಡ್ಡದು, ಹಿಂದಕ್ಕೆ ಹೋದಂತೆ ಮೈ ತಿಳಿನೀಲಿ. ಆದರೆ ನೀರಿನ ಆಳದಲ್ಲಿ ಬಣ್ಣ ಮಂಕಾಗುತ್ತದೆ, ಅದನ್ನೇ ನಂಬಿ ಕೂತರೆ ಆಗುವುದಿಲ್ಲ. ನಿಂತಿರುವ ರೀತಿ ನೋಡಬೇಕು. ಬಾಲ ಕೆಳಗೆ, ತಲೆ ಮೇಲೆ ಮಾಡಿ, ಬಿಲದ ಮೇಲೆ ನೀರಲ್ಲಿ ನೆಟ್ಟಗೆ ನಿಂತು, ತೇಲಿ ಬರುವ ಪುಟಾಣಿ ಜೀವಿಗಳನ್ನು ಹೆಕ್ಕುತ್ತಿರುತ್ತದೆ. ಹತ್ತಿರ ಹೋದಿರೋ, ಬಾಲ ಮೊದಲು ಮಾಡಿ ಸರ್ರನೆ ಒಳಗೆ. ಅದೇ ಕುಲದ, ಆದರೆ ಬೇರೆ ಜಾತಿಯ ಡಸ್ಕಿ ಜಾಫಿಶ್‌ಗೆ ಹೀಗೆ ಮೇಲೆ ಬಂದು ನಿಲ್ಲುವ ಅಭ್ಯಾಸವಿಲ್ಲ. ಕಂದು ಮಚ್ಚೆಯ ತಲೆಯನ್ನಷ್ಟೇ ಹೊರಗೆ ಹಾಕಿ ಕೂತಿರುತ್ತದೆ.

ಇನ್ನು ಮೊಟ್ಟೆ ಕಾಯುವುದು ಅಪ್ಪ. ಸುಮಾರು ಒಂದು ವಾರ ಮೊಟ್ಟೆಯ ಉಂಡೆ ಅವನ ಬಾಯಲ್ಲೇ. ಆಗಾಗ ಉಂಡೆಯನ್ನು ಅರ್ಧ ಹೊರಗೆ ತಂದು ಮತ್ತೆ ಒಳಗೆಳೆದುಕೊಳ್ಳುತ್ತಾನೆ, ಮೊಟ್ಟೆಗೆ ಗಾಳಿ ಸಿಗಲಿ ಅಂತ. ಇಂಥ ಅಪ್ಪನ ಶ್ರಮವನ್ನು ಅಮ್ಮನ ಲೆಕ್ಕಕ್ಕೆ ಬರೆದರೆ ಹೇಗೆ?

ಅಕ್ವೇರಿಯಂಗೆ ಈ ಮೀನು ತರುವ ಆಸೆ ಇರುವವರು ಎರಡು ವಿಷಯ ಗಮನಿಸಲಿ. ಚೂರುಗಲ್ಲು ಬೆರೆತ ಮರಳು ದಪ್ಪಗೆ ಇರಲಿ, ತೊಟ್ಟಿಗೆ ಮುಚ್ಚಳ ಇರಲಿ. ಬೆದರಿದರೆ ಹೊರಕ್ಕೆ ಜಿಗಿಯುತ್ತದೆ.

ನೀವು ಹಾಕಿದ ಚಿತ್ರದಲ್ಲಿ ಮೀನಿನ ಕೆಳಗಿನ ಭಾಗವನ್ನೆಲ್ಲ ಕತ್ತರಿಸಿದ್ದೀರಿ. ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಬಿಲವೂ ಕಾಣುವಂಥ ಚಿತ್ರ ಹಾಕಿ.

ಇಂತಿ,
ನಿಮ್ಮ ಓದುಗ, ಮಯಾಮಿ