ಪುಟ್ಟಿ, ನಾಸ್ ಡಬ್ಬಿ ಕೊಳ್ಳುವ ಮುಂಚೆ ಇದನ್ನು ಓದು

ಚಿರಂಜೀವಿ ಪುಟ್ಟಿಗೆ, ತುಮಕೂರಿನಿಂದ ನಿನ್ನ ಮಾವ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೊನ್ನೆ ಫೋನ್ ಮಾಡಿ, ಮನೆಗೆ ನಾಸ್ (ಮನೆಯವರೆಲ್ಲರ ಫೈಲು ಒಂದೇ ಕಡೆ ಇಟ್ಟು ನೆಟ್‌ವರ್ಕಿನಲ್ಲಿ ಹಂಚಿಕೊಳ್ಳುವ ಡಿಸ್ಕಿನ ಡಬ್ಬಿ) ತಗೊಳ್ತಿದ್ದೀವಿ, ಎರಡು ಡಿಸ್ಕಿನದಾ ನಾಲ್ಕು ಡಿಸ್ಕಿನದಾ ಅಂತ ಕೇಳಿದೆ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋದವರು ಕಾಯುತ್ತಿದ್ದರು, ಅರ್ಧಂಬರ್ಧ ಹೇಳಿದರೆ ನಿನ್ನ ದುಡ್ಡು ದಂಡ ಆಗುತ್ತದೆ ಅಂತ ಆಗ ಏನೂ ಹೇಳಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದು.

ಮೊದಲು, ಇಷ್ಟು ದಿನ ನಿನಗೆ ಹೇಳದೇ ಇದ್ದ ಒಂದು ವಿಷಯ. ನಿಮ್ಮಜ್ಜಿ ಕೊನೆಯ ಯುಗಾದಿಗೆ ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಸೋಬಾನೆ ಪದ ಹೇಳಿಕೊಟ್ಟರಲ್ಲ, ನಾನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಒಂದು ಗಂಟೆ ರೆಕಾರ್ಡ್ ಮಾಡಿದ್ದೆ. ನೀನು ಕೇಳಿದಾಗಲೆಲ್ಲ ಹುಡುಕಿ ಕೊಡುತ್ತೇನೆ ಅಂದಿದ್ದೆ. ಹುಡುಕುವುದಕ್ಕೆ ಏನೂ ಉಳಿದಿಲ್ಲ ಕಣಮ್ಮ. ಸ್ಟುಡಿಯೋದಲ್ಲಿ ಎರಡು ಡಿಸ್ಕಿನ ಡಬ್ಬಿ ಇತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಬೀಳುತ್ತದೆ, ಹಾಗಾಗಿ ಎರಡು ಪ್ರತಿ ಇದೆ ಅಂತ ನಂಬಿದ್ದೆ. ಒಂದು ಸಂಜೆ ಜಾಗ ಖಾಲಿ ಮಾಡುವಾಗ ಯಾವುದೋ ಹಳೆಯ ಮದುವೆ ಫೋಲ್ಡರ್ ಅಂದುಕೊಂಡು ಅದನ್ನೇ ಅಳಿಸಿದೆ. ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಯಿತು. ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಮದುವೆಗಳ ಫೋಟೋ ತುಂಬಿದ್ದವು.

ಅದಕ್ಕೇ ಹೇಳುತ್ತೇನೆ, ಎರಡು ಡಿಸ್ಕ್ ಇರಲಿ ನಾಲ್ಕಿರಲಿ, ಒಂದು ಡಬ್ಬಿ ಅಂದರೆ ಒಂದೇ ಪ್ರತಿ ಅಂತ ಲೆಕ್ಕ ಇಟ್ಟುಕೋ. ಹೀಗೆ ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸುವುದಕ್ಕೆ ರೇಡ್ ಅನ್ನುತ್ತಾರಲ್ಲ, 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನುವ ಮೂವರು ಅದರ ಬಗ್ಗೆ ಬರೆದಾಗ ಅವರ ಪ್ರಶ್ನೆ ಇದ್ದದ್ದು, ಅಗ್ಗದ ಸಣ್ಣ ಡಿಸ್ಕುಗಳನ್ನು ಸೇರಿಸಿ ದೊಡ್ಡ ಡಿಸ್ಕಿನ ಕೆಲಸ ತೆಗೆಯುವುದು ಹೇಗೆ, ಅದರಲ್ಲಿ ಒಂದು ಕೆಟ್ಟರೂ ಡೇಟಾ ಉಳಿಯುವುದು ಹೇಗೆ ಅಂತ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ. ಮಗು ಫೋಲ್ಡರ್ ಅಳಿಸಿದರೆ, ವೈರಸ್ ಹೊಕ್ಕರೆ, ಸಿಡಿಲು ಬಡಿದರೆ, ಕಳ್ಳ ಡಬ್ಬಿಯನ್ನೇ ಹೊತ್ತುಕೊಂಡು ಹೋದರೆ ಕಾಪಾಡುವುದಿಲ್ಲ.

ಆದ್ದರಿಂದ ನಿನ್ನ ಬಜೆಟ್ಟಿನಿಂದ ಒಂದು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿನ ದುಡ್ಡನ್ನು ಮೊದಲೇ ತೆಗೆದಿಡು. ಉಳಿದದ್ದರಲ್ಲಿ ಡಬ್ಬಿ ನೋಡು.

ನಿಮ್ಮ ಮನೆಯಲ್ಲಿ ನಿನ್ನ ಆಫೀಸ್ ಲ್ಯಾಪ್‌ಟಾಪು, ನಿಮ್ಮ ಮನೆಯವರ ಜಿಎಸ್‌ಟಿ ಲೆಕ್ಕದ ಕಂಪ್ಯೂಟರು, ಮಕ್ಕಳದ್ದು ಒಂದು, ಮೇಲೆ ಎಲ್ಲರ ಫೋನು, ನಿಮ್ಮ ಮಾವನವರ ಪಹಣಿ, ಕ್ರಯಪತ್ರದ ಸ್ಕ್ಯಾನುಗಳು. ಎಲ್ಲದರ ಗಾತ್ರ ಒಂದು ಹಾಳೆಯಲ್ಲಿ ಬರೆದು ಕೂಡು. ಒಂದು, ಒಂದೂವರೆ ಟಿಬಿ ದಾಟಲ್ಲ ಅನ್ನಿಸುತ್ತದೆ. ಹಾಗಿದ್ದರೆ 4 ಟಿಬಿಯ ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದರೆ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ಹಾಗೆ ಮಾಡಿದರೆ, ವರ್ಷಗಟ್ಟಲೆ ಸಾಕು. ಸಿಗುವ ಜಾಗ 8 ಅಲ್ಲ, 4 ಟಿಬಿ. ವಿಂಡೋಸಿನಲ್ಲಿ 3.6 ಅಂತ ಕಾಣಿಸುತ್ತದೆ, ಅಂಗಡಿಯವನು ಮೋಸ ಮಾಡಿದ ಅಂದುಕೊಳ್ಳಬೇಡ, ಕಂಪನಿ 1000ದ ಲೆಕ್ಕ, ವಿಂಡೋಸ್ 1024ರ ಲೆಕ್ಕ. ನಾಲ್ಕು ಡಿಸ್ಕಿನ ಡಬ್ಬಿ ನಿನಗೆ ಬೇಡ.

ಈಗ ಯಾವ ಮಾಡೆಲ್ ಅನ್ನೋದು. ನೋಡಮ್ಮ, ನೀನು ಕೇಳಬೇಕಾದ ಪ್ರಶ್ನೆ ಪ್ರೊಸೆಸರ್ ಯಾವುದು ಅಂತಲ್ಲ, ಸ್ನಾಪ್‌ಶಾಟ್ ಇದೆಯಾ ಅಂತ. ಅದು ಇದ್ದರೆ ಡಬ್ಬಿ ಪ್ರತಿ ದಿನ ಫೋಲ್ಡರುಗಳು ಹೇಗಿದ್ದವೋ ಹಾಗೆ ಗುರುತು ಇಟ್ಟುಕೊಳ್ಳುತ್ತದೆ, ಅಳಿಸಿಹೋದದ್ದನ್ನು ಹತ್ತು ದಿನ ಬಿಟ್ಟು ನೋಡಿದರೂ ವಾಪಸ್ ತರಬಹುದು. ಸಿನಾಲಜಿ ಕಂಪನಿಯ ಡಬ್ಬಿಗಳಲ್ಲಿ ಇದಕ್ಕೆ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ವಿಧಾನ) ಬೇಕು. ಅವರ ಡಿಎಸ್223 ಮಾಡೆಲ್‌ನಲ್ಲಿ ಅದು ಇದೆ, ಕೊನೆಗೆ ಜೆ ಅಂತ ಇರುವ ಅಗ್ಗದ ಡಿಎಸ್223ಜೆಯಲ್ಲಿ ಇಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಜೆ ತಗೋಬೇಡ. ನನ್ನ ಡಬ್ಬಿಯಲ್ಲಿ ಸ್ನಾಪ್‌ಶಾಟ್ ಇದ್ದಿದ್ದರೆ ಅಮ್ಮನ ಹಾಡು ಇವತ್ತೂ ಇರುತ್ತಿತ್ತೇನೋ. ಬಂದ ದಿನವೇ ಸ್ನಾಪ್‌ಶಾಟ್ ಆನ್ ಮಾಡು, ಮೂರು ತಿಂಗಳಾದರೂ ಉಳಿಯುವ ಹಾಗೆ ಇಡು. ರೀಸೈಕಲ್ ಬಿನ್ ಕೂಡ.

ಡಿಸ್ಕ್ ವಿಷಯದಲ್ಲಿ ಒಂದೇ ಮಾತು, ಸಿಎಂಆರ್ ಇರಬೇಕು, ಎಸ್‌ಎಂಆರ್ ಬೇಡ. ಇವು ಡಿಸ್ಕಿನ ಮೇಲೆ ಡೇಟಾ ಬರೆಯುವ ಎರಡು ವಿಧಾನ, ಸಿಎಂಆರ್‌ನಲ್ಲಿ ಸಾಲುಗಳು ಬೇರೆ ಬೇರೆ ಇರುತ್ತವೆ. ಎಸ್‌ಎಂಆರ್ ಅಂದರೆ ಮನೆಗೆ ಹೆಂಚು ಹೊದಿಸಿದ ಹಾಗೆ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಬರುವಂತೆ ಬರೆದಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕಲ್ಲ, ಅದೇ ಕಷ್ಟ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದಾಗ ತುಂಬಿಸುವುದಕ್ಕೆ ದಿನಗಟ್ಟಲೆ ಹಿಡಿಯಬಹುದು. 2020ರಲ್ಲಿ ಡಬ್ಲ್ಯೂಡಿ ಕಂಪನಿಯ ರೆಡ್ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಹೊರಬಿದ್ದು ದೊಡ್ಡ ಗಲಾಟೆ ಆಯಿತು. ಅದೇ ಕಂಪನಿಯ ರೆಡ್ ಪ್ಲಸ್ ತಗೋ, ಇಲ್ಲ ಸೀಗೇಟ್ ಐರನ್‌ವುಲ್ಫ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡರೆ ಜಿಎಸ್‌ಟಿ ಬಿಲ್ ತಗೊಂಡು, ಸೀರಿಯಲ್ ನಂಬರಿನಿಂದ ವಾರಂಟಿ ಎಷ್ಟಿದೆ ಅಂತ ಕಂಪನಿಯ ಸೈಟಿನಲ್ಲಿ ಅಲ್ಲೇ ನಿಂತು ನೋಡಿಕೋ.

ರೂಟರ್ ಮರೆಯಬೇಡ. ಇಂಟರ್‌ನೆಟ್‌ನವರು ಕೊಟ್ಟ ರೂಟರಿನಲ್ಲಿ ಲ್ಯಾನ್ ಪೋರ್ಟ್ (ಕೇಬಲ್ ಚುಚ್ಚುವ ಜಾಗ) 100 ಎಂಬಿಪಿಎಸ್‌ನದಾಗಿದ್ದರೆ ಸೆಕೆಂಡಿಗೆ 12 ಎಂಬಿಯೂ ಸಾಗಲ್ಲ, 100 ಜಿಬಿ ಫೋಟೋ ಹಾಕುವುದಕ್ಕೆ ಎರಡು ಗಂಟೆಗೂ ಜಾಸ್ತಿ. ಗಿಗಾಬಿಟ್ ಆದರೆ ಕಾಲು ಗಂಟೆ. ಒಂದು ಗಿಗಾಬಿಟ್ ಸ್ವಿಚ್ಚು, ಕ್ಯಾಟ್ 5ಇ ಕೇಬಲ್ಲು ಸಾಕು. ಡಬ್ಬಿಗೂ ಲೆಕ್ಕದ ಕಂಪ್ಯೂಟರಿಗೂ ಕೇಬಲ್ ಎಳೆಸು. ಉಳಿದವು ವೈಫೈನಲ್ಲಿ ಇರಲಿ.

ನಿಮ್ಮ ಮನೆಯವರು ಹಳೆಯ ಕಂಪ್ಯೂಟರಿಗೇ, ಅದನ್ನು ನಾಸ್ ಮಾಡುವ ಓಪನ್ ಮೀಡಿಯಾ ವಾಲ್ಟ್ ಹಾಕೋಣ ಅಂದರಂತೆ. ಒಳ್ಳೆಯ ಸಾಫ್ಟ್‌ವೇರ್, ಬಿಟ್ಟಿ ಸಿಗುತ್ತದೆ, ತಪ್ಪಿಲ್ಲ. ಆದರೆ ಹಗಲು ರಾತ್ರಿ 60 ವ್ಯಾಟ್ ಓಡಿದರೆ ತಿಂಗಳಿಗೆ 43 ಯೂನಿಟ್. ಎರಡು ಡಿಸ್ಕಿನ ಡಬ್ಬಿ 15-20 ವ್ಯಾಟ್, 11ರಿಂದ 14 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಜೊತೆಗೆ ಅದು ಕೆಟ್ಟ ದಿನ ಅವರು ಊರಲ್ಲಿ ಇಲ್ಲದಿದ್ದರೆ ಸರಿ ಮಾಡುವವರು ಯಾರು? ನೀನೇ ಅಲ್ವಾ?

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇರುವ ನಮ್ಮ ಜಿಲ್ಲೆಯಲ್ಲೇ ಕರೆಂಟು ಹೋಗುತ್ತದೆ, ನಿಮ್ಮ ಚಿಂತಾಮಣಿಯಲ್ಲೂ ಹೋಗದೆ ಇರಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಹಾಳಾಗಬಹುದು. ಯುಎಸ್‌ಬಿ ವೈರ್ ಇರುವ ಸಣ್ಣ ಯುಪಿಎಸ್ ತಗೋ. ಬ್ಯಾಟರಿ ಇಳಿದಾಗ ಡಬ್ಬಿಗೆ ತಿಳಿಸುತ್ತದೆ, ಅದು ತಾನೇ ಸರಿಯಾಗಿ ಆಫ್ ಆಗುತ್ತದೆ.

ಹೊರಗಿನಿಂದ ನೋಡಬೇಕು ಅಂತ ರೂಟರಿನಲ್ಲಿ ಪೋರ್ಟ್ (ಇಂಟರ್‌ನೆಟ್ಟಿನಿಂದ ನೇರವಾಗಿ ಒಳಗೆ ಬರುವ ದಾರಿ) ತೆರೆಯಬೇಡ. ಯಾರು ಹೇಳಿದರೂ ಬೇಡ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ವೈರಸ್ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್ ಡಬ್ಬಿಗಳಿಗೆ ನುಗ್ಗಿ ಫೈಲುಗಳಿಗೆಲ್ಲ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಬೇಕೇ ಬೇಕಾದರೆ ಟೇಲ್‌ಸ್ಕೇಲ್ ತರಹದ ವಿಪಿಎನ್ (ನಿಮ್ಮವರಿಗೆ ಮಾತ್ರ ಇರುವ ಬೀಗ ಹಾಕಿದ ದಾರಿ) ಹಾಕಿಕೋ.

ಇನ್ನು ಮೊದಲು ತೆಗೆದಿಡು ಅಂದ ಎಕ್ಸ್‌ಟರ್ನಲ್ ಡಿಸ್ಕ್. ತಿಂಗಳಿಗೊಮ್ಮೆ ಡಬ್ಬಿಗೆ ಚುಚ್ಚಿ ಬ್ಯಾಕಪ್ ತಗೊಂಡು ಕಿತ್ತು ಬೀರುವಿನಲ್ಲಿಡು, ಚುಚ್ಚಿಯೇ ಬಿಡಬೇಡ. ಆಗಾಗ ಅದರಿಂದ ನಾಲ್ಕು ಫೈಲ್ ವಾಪಸ್ ತೆಗೆದು, ತೆರೆಯುತ್ತವಾ ನೋಡು. ಆಗುವುದಾದರೆ ಇನ್ನೊಂದು ಕೊಂಡು ಪಾಸ್‌ವರ್ಡ್ ಹಾಕಿ ನನ್ನ ಹತ್ತಿರ ಬಿಡು, ನನ್ನದೊಂದು ನಿಮ್ಮ ಮನೆಯಲ್ಲಿರಲಿ. ಗೌರಿ ಹಬ್ಬಕ್ಕೆ ಹೇಗೂ ಬರುತ್ತೀಯಲ್ಲ, ಸೀರೆ ಮಡಿಕೆಯಲ್ಲಿ ಸುತ್ತಿ ತಾ. ಮತ್ತೆ ಆ ಯುಗಾದಿ ದಿನ ನಿನ್ನ ಹಳೆಯ ಫೋನಿನಲ್ಲೂ ಏನೋ ವಿಡಿಯೋ ತೆಗೆದ ನೆನಪು ನನಗೆ. ಆ ಫೋನ್ ಎಲ್ಲಿದ್ದರೂ ಹುಡುಕು, ಆನ್ ಆಗದಿದ್ದರೂ ಬಿಸಾಡಬೇಡ, ಅದನ್ನೂ ತಗೊಂಡು ಬಾ.

ನಿನ್ನ ಮಾವ