ಪ್ರದರ್ಶನ ಮುಗಿದ ಮೇಲೆ ಚಿತ್ರ ಎಲ್ಲಿಗೆ ಹೋಗುತ್ತದೆ?

ಪ್ರೀತಿಯ ಗೆಳೆಯಾ,

"ಹೆಂಗಸರ ಕೃತಿಗಳಿಗೇ ಅಂತ ಬೇರೆ ಪ್ರದರ್ಶನ ಯಾಕೆ? ಚಿತ್ರ ಚೆನ್ನಾಗಿದ್ದರೆ ಸಾಲದೇ?" ಎಂದು ಕೇಳಿದ್ದೀಯ. ಈ ಮಾತನ್ನು ನಿನಗಿಂತ ಮುಂಚೆ ಆಡಿದವರಲ್ಲಿ ದೊಡ್ಡ ಕಲಾವಿದೆಯರೇ ಇದ್ದಾರೆ. 1943ರಲ್ಲಿ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ 31 ಕಲಾವಿದೆಯರ ಕೃತಿಗಳನ್ನು ಒಟ್ಟಿಗೆ ಇಟ್ಟರು. ಫ್ರೀಡಾ ಕಾಹ್ಲೋ ಅದರಲ್ಲಿದ್ದರು, ಲಿಯೊನೋರಾ ಕ್ಯಾರಿಂಗ್ಟನ್ ಇದ್ದರು. ಜಾರ್ಜಿಯಾ ಓಕೀಫ್ ಮಾತ್ರ ಒಲ್ಲೆ ಎಂದರು. ಹೆಣ್ಣು ಎಂಬ ಕಾರಣಕ್ಕೆ ತಮ್ಮನ್ನು ಒಂದು ಗುಂಪಿಗೆ ಸೇರಿಸುವುದು ಅವರಿಗೆ ಬೇಕಿರಲಿಲ್ಲ. ಅವರ ಹಟ ನನಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿಗಾಗಲೇ ಅವರ ಚಿತ್ರಗಳಿಗೆ ಗೋಡೆ ಸಿಕ್ಕಿತ್ತು. ಬೇಡ ಎನ್ನುವ ಅನುಕೂಲ ಉಳಿದವರಲ್ಲಿ ಬಹುಮಂದಿಗೆ ಇರಲಿಲ್ಲ.

ಹಾಗಾಗಿ ಹಣೆಪಟ್ಟಿಯ ಬಗ್ಗೆ ನಿನ್ನ ಜೊತೆ ನಾನು ಜಗಳಕ್ಕೆ ಬರುವುದಿಲ್ಲ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಪ್ರದರ್ಶನ ಮುಗಿದು ಮೊಳೆ ಕಿತ್ತ ಮೇಲೆ ಆ ಕೃತಿಗಳು ಎಲ್ಲಿಗೆ ಹೋಗುತ್ತವೆ? ಮ್ಯೂಸಿಯಂ ಒಂದಿಷ್ಟನ್ನಾದರೂ ಕೊಂಡು ಉಳಿಸಿಕೊಳ್ಳುತ್ತದೆಯೋ, ಎಲ್ಲವೂ ಮತ್ತೆ ಕತ್ತಲ ಕೋಣೆ ಸೇರುತ್ತವೆಯೋ?

1989ರಲ್ಲಿ ಗೆರಿಲ್ಲಾ ಗರ್ಲ್ಸ್ ಎಂಬ ಗುಂಪಿನವರು (ಗೊರಿಲ್ಲಾ ಮುಖವಾಡ ಹಾಕಿಕೊಂಡು, ಹೆಸರು ಬಿಟ್ಟುಕೊಡದೆ ಕೆಲಸ ಮಾಡುವವರು) ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಬಗ್ಗೆ ಒಂದು ಪೋಸ್ಟರ್ ಮಾಡಿದರು. ಅದರ ಪ್ರಕಾರ ಆಗ ಆಧುನಿಕ ಕಲೆಯ ವಿಭಾಗದಲ್ಲಿ ಕಲಾವಿದೆಯರು ಶೇ 5ಕ್ಕೂ ಕಡಿಮೆ. ಅಲ್ಲಿನ ನಗ್ನಚಿತ್ರಗಳಲ್ಲಿ ಶೇ 85 ಹೆಣ್ಣಿನವು. ಚೌಕಟ್ಟಿನ ಒಳಗೆ ಧಾರಾಳವಾಗಿ ಜಾಗ ಸಿಕ್ಕವರಿಗೆ ಕುಂಚ ಹಿಡಿದಾಗ ಜಾಗ ಇರಲಿಲ್ಲ ಎಂಬುದನ್ನು ಇಷ್ಟು ಚುಟುಕಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಧುನಿಕ ಕಲೆಯ ಮ್ಯೂಸಿಯಂ ಇರುವ ಪ್ಯಾರಿಸ್ಸಿನ ಪೊಂಪಿದೂ ಕೇಂದ್ರ 2009ರಲ್ಲಿ ಮಾಡಿದ್ದು ನನಗೆ ಇನ್ನೂ ಇಷ್ಟ. ಪ್ರದರ್ಶನ ರೂಪಿಸುವ ಕ್ಯುರೇಟರ್ ಕಮೀಲ್ ಮೊರಿನೋ ಆ ಕೇಂದ್ರದ್ದೇ ಸಂಗ್ರಹದ ಕೃತಿಗಳಲ್ಲಿ ಕಲಾವಿದೆಯರವನ್ನಷ್ಟೇ ಆರಿಸಿ ಸುಮಾರು ಎರಡು ವರ್ಷ ತೋರಿಸಿದರು. ಹೊರಗಿನಿಂದ ಎರವಲು ತಂದು ಮರ್ಯಾದೆ ಉಳಿಸಿಕೊಳ್ಳುವ ದಾರಿ ಅದಲ್ಲ. ಇಷ್ಟು ವರ್ಷ ಏನು ಕೊಂಡಿದ್ದೇವೆ, ಏನು ಬಿಟ್ಟಿದ್ದೇವೆ ಎನ್ನುವುದು ಎಲ್ಲರ ಎದುರು ತೆರೆದುಕೊಳ್ಳುತ್ತದೆ.

ಹಿಲ್ಮಾ ಆಫ್ ಕ್ಲಿಂಟ್ ಕಥೆ ನಿನಗೆ ಸ್ವಲ್ಪ ಗೊತ್ತಿರಬೇಕು. ಸ್ವೀಡನ್ನಿನ ಈಕೆ 1906ರಲ್ಲೇ ಅಮೂರ್ತ ಚಿತ್ರಗಳಿಗೆ (ಕಂಡ ವಸ್ತುಗಳನ್ನು ಹಾಗೇ ಬಿಡಿಸದೆ ಬಣ್ಣ, ಆಕಾರಗಳಲ್ಲೇ ಕಟ್ಟುವ ಚಿತ್ರಗಳಿಗೆ) ಕೈಹಾಕಿದವರು. ಮರುವರ್ಷ ಬರೆದ ಹತ್ತು ಚಿತ್ರಗಳು ಒಂದೊಂದೂ ಮೂರು ಮೀಟರಿಗೂ ಎತ್ತರ. ತಾನು ಸತ್ತು 20 ವರ್ಷ ಆಗುವವರೆಗೆ ಇವನ್ನು ಯಾರಿಗೂ ತೋರಿಸಬೇಡಿ ಎಂದು ಹೇಳಿ 1944ರಲ್ಲಿ ತೀರಿಕೊಂಡರು. 1970ರಲ್ಲಿ ಕುಟುಂಬದವರು ಆ ಚಿತ್ರಗಳನ್ನು ಸ್ಟಾಕ್‌ಹೋಮಿನ ಆಧುನಿಕ ಕಲಾ ಮ್ಯೂಸಿಯಂಗೆ ಕೊಡುತ್ತೇವೆಂದರೂ ಅದು ಬೇಡವೆಂದಿತು. ಕೊನೆಗೆ 2018ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಏಕವ್ಯಕ್ತಿ ಪ್ರದರ್ಶನ ಮಾಡಿದಾಗ ಆರು ಲಕ್ಷಕ್ಕೂ ಹೆಚ್ಚು ಜನ ಬಂದರು. ಆ ಮ್ಯೂಸಿಯಂನಲ್ಲಿ ಅದುವರೆಗಿನ ದಾಖಲೆ ಅದು. ಅಮೂರ್ತ ಕಲೆ ರಷ್ಯಾದ ಚಿತ್ರಕಾರ ಕಾಂಡಿನ್‌ಸ್ಕಿಯಿಂದ ಶುರು ಎಂದು ಓದಿದ ಪಾಠವನ್ನು ಜನ ಹಾಗೆ ನಿಂತು ನೋಡುತ್ತಲೇ ತಿದ್ದಿಕೊಂಡರು. ಒಳ್ಳೆಯ ಪ್ರದರ್ಶನದ ಶಕ್ತಿ ಇದು.

ನಮ್ಮಲ್ಲೂ ಇಂಥ ತಡಗಳಿವೆ. ನಸ್ರೀನ್ ಮೊಹಮದಿ ಬರೋಡಾದಲ್ಲಿ ಪಾಠ ಮಾಡುತ್ತ, ಶಾಯಿ ಮತ್ತು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಗೆರೆ ಎಳೆದವರು. ನರಗಳ ಕಾಯಿಲೆ ಬಂದು ಕೈಕಾಲು ಹಿಡಿತಕ್ಕೆ ಸಿಗದಾದ ವರ್ಷಗಳಲ್ಲೂ ಗೆರೆ ಕದಲಲಿಲ್ಲ. ಹೆಚ್ಚಿನ ಚಿತ್ರಗಳಿಗೆ ಶೀರ್ಷಿಕೆಯಿಲ್ಲ, ತಾರೀಖೂ ಇಲ್ಲ. 1990ರಲ್ಲಿ ಹೋದರು. 2016ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಹೊಸ ಶಾಖೆ ಮೆಟ್ ಬ್ರಾಯರ್ ಬಾಗಿಲು ತೆರೆದದ್ದು ಅವರ ಪ್ರದರ್ಶನದೊಂದಿಗೆ. ಮೃಣಾಲಿನಿ ಮುಖರ್ಜಿ ಸೆಣಬಿನ ಹುರಿಯನ್ನು ಮಗ್ಗವಿಲ್ಲದೆ, ಕೈಯಲ್ಲೇ ಗಂಟು ಹಾಕುತ್ತ ಆಳೆತ್ತರದ ಯಕ್ಷಿಯರನ್ನು ನಿಲ್ಲಿಸಿದರು. ಇದು ಶಿಲ್ಪವೋ ಕರಕುಶಲವೋ ಎಂಬ ಚರ್ಚೆಯಲ್ಲೇ ಎಷ್ಟೋ ಕಾಲ ಹೋಯಿತು. 2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಇಡೀ ಬದುಕಿನ ಕೆಲಸ ಒಂದೆಡೆ ಸೇರಿತು. ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅವರು ಇಲ್ಲವಾದರು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಂತ ಯಾರಾದರೂ ಕರೆಯಲಿ ಎಂದು ಎಲ್ಲರೂ ಕಾಯುತ್ತ ಕೂರಲಿಲ್ಲ. ನಳಿನಿ ಮಲಾನಿ, ಮಾಧ್ವಿ ಪಾರೇಖ್, ನೀಲಿಮಾ ಶೇಖ್, ಅರ್ಪಿತಾ ಸಿಂಗ್ ನಾಲ್ವರೂ ಸೇರಿ 1987ರಿಂದ 89ರವರೆಗೆ ತಮ್ಮ ಪ್ರದರ್ಶನವನ್ನು ಊರೂರಿಗೆ ಒಯ್ದರು.

ಒಂದೇ ಒಂದು ಕೃತಿ ನೋಡು ಎಂದರೆ ನಾನು ಶೀಲಾ ಗೌಡರದ್ದನ್ನು ಹೇಳುತ್ತೇನೆ. ಭದ್ರಾವತಿಯಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ತೊಂಬತ್ತರ ದಶಕದಲ್ಲಿ ಸಗಣಿಯಲ್ಲಿ ಕೆಲಸ ಶುರು ಮಾಡಿದವರು. 1998ರ ಅವರ ಒಂದು ಕೃತಿಗೆ 'ಅವನಿಗೆ ನನ್ನ ನೋವು ಹೇಳು' ಎಂಬರ್ಥದ ಹೆಸರಿದೆ. ದೂರದಿಂದ ಕಾಣುವುದು ಗೋಡೆಯಿಂದ ಇಳಿದು ನೆಲದ ಮೇಲೆ ಸುತ್ತಿ ಸುಳಿದ ಕೆಂಪು ಹಗ್ಗ. ಹತ್ತಿರ ಹೋದರೆ ಅದು ಹಗ್ಗವಲ್ಲ, ನೂರಾರು ಅಡಿ ಉದ್ದದ ದಾರಗಳ ಕಂತೆ. ಒಂದೊಂದು ದಾರವನ್ನೂ ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ಅರ್ಧಕ್ಕೆ ಬರುವ ತನಕ ಎಳೆದು, ಎಲ್ಲವನ್ನೂ ಒಟ್ಟುಗೂಡಿಸಿ ಅಂಟು ಕುಂಕುಮ ಸವರಿದ್ದಾರೆ. ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ಕುಂಕುಮದ ಕೆಂಪು ಮೊದಲು ಮಂಗಳಕರ ಅನ್ನಿಸುತ್ತದೆ, ಸೂಜಿ ಕಂಡ ಮೇಲೆ ಅದೇ ಕೆಂಪು ಗಾಯ. ಅಷ್ಟು ಉದ್ದದ ದಾರವನ್ನು ಮತ್ತೆ ಮತ್ತೆ ಎಳೆದ ಕೈ ನೆನಪಾಗುತ್ತದೆ. ಫೋಟೊದಲ್ಲಿ ಇದ್ಯಾವುದೂ ಸಿಗುವುದಿಲ್ಲ, ಹೋಗಿಯೇ ನೋಡಬೇಕು.

ಇನ್ನೊಂದು ಮಾತು. ಕಲಾವಿದೆಯರದ್ದೇ ಪ್ರದರ್ಶನ ಎಂದ ಮಾತ್ರಕ್ಕೆ ಎಲ್ಲವನ್ನೂ ಹೊಗಳಬೇಕಿಲ್ಲ. ವಿಷಯದ ಹೆಸರಲ್ಲಿ ಎಂಬತ್ತು ತೊಂಬತ್ತು ಜನರ ಒಂದೊಂದೇ ಕೃತಿ ಪೋಣಿಸಿಟ್ಟ ಪ್ರದರ್ಶನಗಳಲ್ಲಿ ಯಾರ ಪರಿಚಯವೂ ಸರಿಯಾಗಿ ಆಗುವುದಿಲ್ಲ. ಒಬ್ಬರ ನಲವತ್ತು ವರ್ಷದ ಕೆಲಸ ನಾಲ್ಕು ಕೋಣೆ ತುಂಬಿದ್ದರೆ, ಅವರು ಎಲ್ಲಿ ತಡವರಿಸಿದರು, ಎಲ್ಲಿ ಜಿಗಿದರು ಎಂಬುದು ನಮಗೇ ತಿಳಿಯುತ್ತದೆ. ಗಂಡಸರಿಗೆ ಈ ಸೌಲಭ್ಯ ಯಾವತ್ತೂ ಇತ್ತು.

ಇನ್ನೊಮ್ಮೆ ಮ್ಯೂಸಿಯಂಗೆ ಹೋದಾಗ ಗೋಡೆಯ ಮೇಲಿನ ಪುಟ್ಟ ಫಲಕವನ್ನು ಕೊನೆಯ ಸಾಲಿನವರೆಗೂ ಓದು. ಕೃತಿ ಮಾಡಿದ ಇಸವಿ ಮೇಲಿರುತ್ತದೆ. ಕೆಳಗೊಂದು ಸಂಗ್ರಹ ಸಂಖ್ಯೆ ಇದ್ದರೆ, ಎಷ್ಟೋ ಕಡೆ ಮ್ಯೂಸಿಯಂ ಅದನ್ನು ಪಡೆದ ಇಸವಿಯೂ ಅದರಲ್ಲೇ ಸೇರಿರುತ್ತದೆ. ಎರಡರ ನಡುವೆ ಎಷ್ಟು ವರ್ಷ ಎಂದು ಕಳೆದು ನೋಡು. ಗಂಡಸರ ಕೃತಿಗಳಿಗೂ ಹಾಗೇ ಮಾಡು. ಆಮೇಲೆ ನನಗೆ ಬರಿ. ಮೆಚ್ಚಿದ್ದನ್ನು ಹೇಗೂ ಬರೆಯುತ್ತೀಯ; ಯಾವುದು ಹಿಡಿಸಲಿಲ್ಲ, ಯಾಕೆ ಹಿಡಿಸಲಿಲ್ಲ ಎಂದೂ ಬರಿ.

ನಿನ್ನ ಪತ್ರಕ್ಕೆ ಕಾಯುತ್ತ,
ನಿನ್ನ ಸ್ನೇಹಿತೆ